ಹಿಕ್ಕೆ ಎಣಿಸುವುದು

ಪುಷ್ಯದ ಚಳಿ. ಕೆಸರೆಯಲ್ಲಿ ಬೆಳಗಿನ ಆರಕ್ಕೂ
ಎದುರು ಮನೆಯ ನೀರಿನ ಟ್ಯಾಂಕು ಕಾಣದಷ್ಟು ಮಂಜು.
ಹಿತ್ತಲ ಗೂಡು ಖಾಲಿ. ಗೋಣಿ ಪರದೆ ಎತ್ತಿ ಕಟ್ಟಿದ್ದೇನೆ,
ಒಣಗಲಿ ಅಂತ.
ಇಬ್ಬರೂ ಅಡುಗೆಮನೆಯಲ್ಲಿ, ರಾಗಿ ಡಬ್ಬದ ಪಕ್ಕ,
ಸೇಬಿನ ರಟ್ಟಿನ ಪೆಟ್ಟಿಗೆಯಲ್ಲಿ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅಂತಾರೆ.
ಹಲ್ಲು ಜಾಸ್ತಿಯಾಗಿ ಕಡಲೆಸೊಪ್ಪು ತಪ್ಪಿದವಳ ಮೇಲೆ
ಯಾರೂ ಗಾದೆ ಕಟ್ಟಿಲ್ಲ.
ದವಡೆ ಹಲ್ಲು ಮುಳ್ಳಾಗಿ ಬೆಳೆದು ನಾಲಿಗೆ ಗೀರುತ್ತಿತ್ತು.
ಗರಿಕೆಯ ಮುಂದೆ ಕೂತು, ಮೂಸಿ, ಮತ್ತೆ ಮೂಸಿ,
ಬಾಯಿ ಹಾಕದೆ ಹಿಂದೆ ಸರಿಯುತ್ತಿದ್ದಳು.
ಗದ್ದ ಒದ್ದೆ.
ಮಂಜಿನ ನೀರು ಅಂದುಕೊಂಡೆ, ನಾಲ್ಕು ದಿನ.

ಡಾಕ್ಟರ್ ಸುಗುಣಾ ಮುಳ್ಳು ಉಜ್ಜಿ, ಒಂದನ್ನು ಕಿತ್ತು,
ಕಾಗದದಲ್ಲಿ ಮಡಿಸಿ ಕೊಟ್ಟರು.
ಬೆಂಕಿಕಡ್ಡಿಯ ತುಂಡಿನಷ್ಟು.
"ಎರಡು ಗಂಟೆಗೊಮ್ಮೆ ತಿನ್ನಿಸಿ.
ಹೊಟ್ಟೆ ನಿಂತರೆ ಮೊಲ ನಿಂತ ಹಾಗೆ.
ಬೆಚ್ಚಗಿಡಿ. ಜೋಡಿ ಬಿಡಿಸಬೇಡಿ. ಹಿಕ್ಕೆ ಎಣಿಸಿ."
ರಸೀತಿಯ ಹಿಂದೆ ಬರೆದುಕೊಂಡೆ.
ಮೊಲದ ಹೆಸರು ಕೇಳಿದರು. ನನ್ನ ಬಾಯಿಗೆ ಬಂದದ್ದು ನಂಬರು.

ಕಿವಿಯೊಳಗೆ ಹಸಿರು ಹಚ್ಚೆ: ೧೧೪. ಅವನದು ೧೧೫.
ಫಾರ್ಮಸಿ ಕಾಲೇಜಿನ ಪ್ರಾಣಿಮನೆಯಲ್ಲಿ
ಇಪ್ಪತ್ತಾರು ವರ್ಷ ನನ್ನ ಕೆಲಸ, ಹಿಡಿದುಕೊಳ್ಳುವುದು.
ಹುಡುಗರು ಸೂಜಿ ಚುಚ್ಚುವಾಗ ಒದೆಯದ ಹಾಗೆ
ಬಟ್ಟೆ ಸುತ್ತಿ, ಕಣ್ಣು ಮುಚ್ಚಿ, ಎದೆಗೊತ್ತಿ.
"ಶಾಂತಮಲ್ಲಪ್ಪ ಹಿಡಿದರೆ ಮೊಲ ನಿದ್ದೆ ಮಾಡುತ್ತೆ" ಅನ್ನೋರು ಮೇಡಂ.
ನಿದ್ದೆ ಎಲ್ಲಿಂದ ಬರಬೇಕು!
ನನ್ನ ಅಂಗೈಗೆ ಗೊತ್ತಿತ್ತು, ಅದು ಹೇಳಲಿಲ್ಲ.
ಪ್ರಾಣಿಮನೆ ಮುಚ್ಚಿದ ದಿನ ಎರಡು ಉಳಿದಿದ್ದವು.
ಸಹಿ ಹಾಕಿ, ಸೈಕಲ್ಲಿನ ಬುಟ್ಟಿಯಲ್ಲಿ ತಂದೆ.
ಅರಳೆ, ಬತ್ತಿ ಅಂತ ಕರೆದವಳು ಪ್ರೇಮಕುಮಾರಿ.

ಈಗ ಅದೇ ಹಿಡಿತ.
ಅದೇ ಟವೆಲ್ಲಿನ ಸುತ್ತು, ಅದೇ ಸಿರಿಂಜು, ಸೂಜಿ ಇಲ್ಲ.
ಒಳಗೆ ಒಣಹುಲ್ಲಿನ ಪುಡಿ, ಬೆಚ್ಚನೆ ನೀರು, ಅರೆದ ಕೊತ್ತಂಬರಿ.
ಬಾಯಿಯ ಪಕ್ಕದಿಂದ, ಹಲ್ಲಿಲ್ಲದ ಸಂದಿಯಲ್ಲಿ, ತೊಟ್ಟು ತೊಟ್ಟು.
ಇದು ಬೇರೆ ಅಂತ ಅವಳಿಗೆ ಹೇಗೆ ತಿಳಿಯಬೇಕು?
ಹಾಗೇ ಕಲ್ಲಾಗುತ್ತಾಳೆ,
ಹಾಗೇ ಹೊಡೆದುಕೊಳ್ಳುತ್ತೆ ಎದೆ.

ಸೂಜಿಗೆಂದು ಬೋಳಿಸಿದ ಮುಂಗಾಲು ಕಡ್ಡಿಯಂತೆ, ಇದ್ದೂ ಇಲ್ಲದ ಹಾಗೆ.
"ನೀವು ಹಿಡಿದ ಮೊಲಕ್ಕೆ ನಿಜಕ್ಕೂ ಮೂರೇ ಕಾಲು"
ಅಂತ ನಕ್ಕಳು ಪ್ರೇಮಕುಮಾರಿ.
ನಗುತ್ತಲೇ ಶರಬತ್ತಿನ ಬಾಟಲಿಗೆ ಬಿಸಿನೀರು ತುಂಬಿ
ತನ್ನ ಹಳೆ ಸ್ವೆಟರಿನ ತೋಳು ತೊಡಿಸಿದಳು.
ಬತ್ತಿ ಮೊದಲು ಆಸ್ಪತ್ರೆಯ ವಾಸನೆಗೆ ಮುಖ ತಿರುಗಿಸಿದ್ದ.
ಆಮೇಲೆ ಅವಳ ಕಿವಿ ನೆಕ್ಕತೊಡಗಿದ,
ನಂಬರು ಇರುವ ಕಿವಿಯನ್ನೇ.

ರಾತ್ರಿ ಹನ್ನೊಂದು. ಒಂದು.
ಟಾರ್ಚು ಬಿಟ್ಟು ಹುಲ್ಲು ಕೆದಕಿದೆ.
ಇದ್ದವೆಲ್ಲ ಬತ್ತಿಯವು, ಬಟಾಣಿಯಂತೆ ದುಂಡಗೆ, ಧಾರಾಳ.
ಮೂರಕ್ಕೆ ಬಾಟಲಿ ತಣ್ಣಗಾಗಿತ್ತು, ಮತ್ತೆ ನೀರು ಕಾಯಿಸಿದೆ.
ಅವಳ ಹೊಟ್ಟೆಗೆ ಕಿವಿಯಿಟ್ಟರೆ
ನನ್ನದೇ ಉಸಿರು ಕೇಳುತ್ತಿತ್ತು.

ನಾಲ್ಕೂ ಹತ್ತಕ್ಕೆ, ಮೂಲೆಯಲ್ಲಿ,
ಮೆಣಸಿನ ಕಾಳಿಗಿಂತ ಚಿಕ್ಕವು, ಕಪ್ಪು, ಒಂದಕ್ಕೊಂದು ಅಂಟಿಕೊಂಡು.
ಅಂಗೈಯಲ್ಲಿಟ್ಟು ನೋಡಿದೆ. ಇನ್ನೂ ಬಿಸಿ.
"ಎಷ್ಟು?" ರಗ್ಗಿನೊಳಗಿಂದ ಪ್ರೇಮಕುಮಾರಿ.
"ಮೂರು."
"ಸದ್ಯ. ಕೈ ತೊಳೆದುಕೊಂಡು ಮಲಗಿ."

ರಸೀತಿ ಹುಡುಕಿದರೆ ಅರ್ಧವೇ ಸಿಕ್ಕಿತು.
ಡಾಕ್ಟರ ಸಹಿಯನ್ನು ಬತ್ತಿ ತಿಂದು ಮುಗಿಸಿದ್ದ.
ಉಳಿದ ಚೂರಿನಲ್ಲಿ ಬರೆದೆ: ೪.೧೦. ಅರಳೆ. ಮೂರು.

ಗೂಡಿಗೆ ಬಿಡಲು ಇನ್ನೂ ವಾರ ಬೇಕು.
ಬೆಚ್ಚಗಿದ್ದ ಮೈಯನ್ನು ಒಮ್ಮೆಲೇ ಚಳಿಗೆ ಒಡ್ಡಬಾರದಂತೆ.
ಬೇಲಿ ಪಕ್ಕ ಕುಕ್ಕರಗಾಲಲ್ಲಿ ಕೂತು ಗರಿಕೆ ಕೀಳುತ್ತಿದ್ದೇನೆ,
ಒಂದೊಂದು ಎಳೆಯನ್ನೂ ಬನಿಯನ್ನಿಗೆ ಒರೆಸಿ, ಒರೆಸಿ.
ಈ ಸಲ ಅವಳ ಗದ್ದ ಒದ್ದೆಯಾದರೆ
ಯಾವ ಒದ್ದೆ ಅಂತ ಗೊತ್ತಾಗಬೇಕಲ್ಲ.